ಸಾರ್‌ಗೆ ತಂದುಕೊಟ್ಟ ದನಿ

ನಮ್ಮ ಸಾರ್ ಪುಸ್ತಕ ನೋಡಿಕೊಂಡು ಹಾಜರಿ ಕೂಗಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಪುಸ್ತಕ ಮೇಜಿನ ಮೇಲೆ ಮುಚ್ಚಿಯೇ ಇರುತ್ತಿತ್ತು. ಎರಡೂ ಕೈ ಹಿಂದಕ್ಕೆ ಕಟ್ಟಿ, ಕಿಟಕಿಯಾಚೆ ನೋಡುತ್ತಾ, ಒಬ್ಬೊಬ್ಬರನ್ನೂ ಊರಿನ ಹೆಸರು ಹಿಡಿದು ಕರೆಯುತ್ತಿದ್ದರು.

“ಹಳೇಕೋಟೆ.”

“ಹಾಜರ್ ಸಾ.”

“ಗೊರೂರು.”

“ಹಾಜರ್ ಸಾ.”

“ಜಿನನಾಥಪುರ.” ಉತ್ತರ ಬರದಿದ್ದರೆ, “ಅವ್ನ ಅಕ್ಕನ ಮದ್ವೆ, ನಾಳೆ ಬತ್ತಾನೆ,” ಎಂದು ತಾವೇ ಹೇಳಿ ಮುಂದಿನ ಊರಿಗೆ ಹೋಗುತ್ತಿದ್ದರು. ಒಂದೇ ಊರಿನವರು ಇಬ್ಬರಿದ್ದರೆ ಒಬ್ಬ ಕೆರೆ ಈಚೆ, ಇನ್ನೊಬ್ಬ ಕೆರೆ ಆಚೆ.

ಹೊಳೆನರಸೀಪುರದ ಆ ಹೈಸ್ಕೂಲಿಗೆ, ಹತ್ತಿರದಲ್ಲೇ ಹಾಸ್ಟೆಲ್ ಇತ್ತೆಂಬ ಕಾರಣಕ್ಕೆ, ಸುತ್ತಲ ತಾಲ್ಲೂಕುಗಳಿಂದಲೂ ಹುಡುಗರು ಬರುತ್ತಿದ್ದರು. ನಾನು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಿಂದ ಬಂದವನು. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಹತ್ತಿದ ಮೇಲೂ, ಇದು ನನ್ನ ಜಾಗ ಹೌದೋ ಅಲ್ಲವೋ ಎಂಬ ಅನುಮಾನ ಹೋಗಿರಲಿಲ್ಲ. “ದಂಡಿಗನಹಳ್ಳಿ” ಎಂದು ಕೂಗಿದಾಗ ದನಿಯೇ ಹೊರಡುತ್ತಿರಲಿಲ್ಲ. ಸಾರ್ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಆಮೇಲೆ ಕಿಟಕಿಯಿಂದ ಮುಖ ತಿರುಗಿಸದೆಯೇ ಇನ್ನೊಮ್ಮೆ ಕೂಗುತ್ತಿದ್ದರು. ಆಗ ನಾನು “ಹಾಜರ್ ಸಾ” ಎನ್ನುತ್ತಿದ್ದೆ.

“ಎಲ್ರಿಗೂ ಒಂದ್ ಸಲ, ಇವ್ನಿಗೆ ಎರಡ್ ಸಲ,” ಎನ್ನುತ್ತಿದ್ದರು. “ಏನ್ಲಾ, ನಿನ್ ದನಿ ಊರಿಂದ ಬಸ್ಸಲ್ಲಿ ಬತ್ತದಾ?” ತರಗತಿ ನಗುತ್ತಿತ್ತು. ಮೂರು ವರ್ಷವೂ ಅವರು ನನ್ನನ್ನು ಎರಡು ಸಲ ಕೂಗಿದರು. ಕೊನೆಯ ವರ್ಷ ನನಗೆ ಮೊದಲ ಸಲಕ್ಕೇ ಉತ್ತರ ಕೊಡುವಷ್ಟು ಧೈರ್ಯ ಬಂದಿತ್ತು. ಆದರೂ ಎರಡನೆಯದಕ್ಕೆ ಕಾಯುತ್ತಿದ್ದೆ.

ಅವರ ದನಿಯ ಬಗ್ಗೆ ಹೇಳಲೇಬೇಕು. ಸಮಾಜ ವಿಜ್ಞಾನದ ಮೇಷ್ಟ್ರು. ಪಾನಿಪತ್ ಯುದ್ಧದ ಪಾಠ ಮಾಡಿದರೆ ಪಕ್ಕದ ಕೋಣೆಯ ಗಣಿತ ನಿಂತುಹೋಗುತ್ತಿತ್ತು. ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೂ ಅಕ್ಬರ ಗೊತ್ತು ಎಂದು ಊರಲ್ಲಿ ತಮಾಷೆಗೆ ಹೇಳುತ್ತಿದ್ದರು. ಪಾಠ ಮಾಡುವಾಗ ಪುಸ್ತಕದ ಕನ್ನಡ, ಬೈಯುವಾಗ ಮಾತ್ರ ನಮ್ಮ ಮಾತು. ಹಾಗಾಗಿ ನಮಗೆ ಬೈಗುಳವೇ ಹತ್ತಿರ.

ಅಪ್ಪ ನನ್ನನ್ನು ಶಾಲೆಗೆ ಸೇರಿಸಲು ಬಂದ ದಿನ ಎಲ್ಲ ಅಪ್ಪಂದಿರಂತೆ ಕೈಮುಗಿದು, “ಸಾ, ಮೂಳೆ ನಂದು, ಚರ್ಮ ನಿಮ್ದು. ಒಡ್ದು ಬುದ್ಧಿ ಕಲ್ಸಿ,” ಎಂದಿದ್ದ. ಸಾರ್, “ಮೂಳೆ ಚರ್ಮ ಎರಡೂ ನೀನೇ ತಕ್ಕಂಡೋಗಪ್ಪ. ತಲೆ ಒಂದ ಇಲ್ಲಿ ಬುಟ್ಟೋಗು,” ಎಂದಿದ್ದರು. ಅಪ್ಪ ಸಾಯುವವರೆಗೂ ಈ ಮಾತನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ನಾನು ಬಿ.ಎಸ್ಸಿ. ಮಾಡಿದೆ. ಹಾಸನದ ಹೋಟೆಲೊಂದರಲ್ಲಿ ಬೆಳಗಿನ ಹೊತ್ತು ಕೆಲಸ ಮಾಡಿಕೊಂಡು ಓದಿದ ಡಿಗ್ರಿ ಅದು. ನಮ್ಮ ವಂಶದಲ್ಲಿ ಮೊದಲನೆಯದು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಸರ್ಟಿಫಿಕೇಟ್ ಕೈಗೆ ಬಂದ ವಾರವೇ ಸಾರ್ ಮನೆಗೆ ಒಯ್ದೆ. ಅವರು ಆಗಲೇ ನಿವೃತ್ತರಾಗಿ ಅರಕಲಗೂಡಿನಲ್ಲಿದ್ದರು. ಕನ್ನಡಕ ಹಾಕಿಕೊಂಡು, ಮೊದಲಿಂದ ಕೊನೆಯವರೆಗೆ, ಕೆಳಗಿನ ಸಹಿಯನ್ನೂ ಬಿಡದೆ ಓದಿದರು. ಮಡಿಸದೆ ವಾಪಸು ಕೊಟ್ಟರು.

“ಡಿಗ್ರಿ ಆಯ್ತಲ್ಲ. ಇನ್ಮ್ಯಾಕೆ ‘ನಂಗೊತ್ತಿಲ್ಲ’ ಅನ್ನೋದ್ನ ಕಲಿ. ಅದ್ಕೆ ಕಾಲೇಜಿಲ್ಲ ಕಣ್ಲಾ, ನೀನೇ ಕಲೀಬೇಕು.”

ನಾನು ನಕ್ಕೆ. ಕಲಿಯಲಿಲ್ಲ.

*

ಸಾರ್ ಒಂದು ಬೀಡಿಯನ್ನೂ ಸೇದಿದವರಲ್ಲ. ಆದರೂ ಕ್ಯಾನ್ಸರ್ ಗಂಟಲಿಗೇ ಬಂತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ಬುಡದಲ್ಲಿ ಒಂದು ತೂತು, ಉಸಿರಾಟವೆಲ್ಲ ಅದರಲ್ಲೇ. ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಇಳಿಬಿಟ್ಟುಕೊಂಡಿರುತ್ತಿದ್ದರು. ನಾನು ನೋಡಲು ಹೋದಾಗ ಅಮ್ಮಾವ್ರು, ಅವರ ಹೆಂಡತಿ, ಕಾಫಿ ತಂದಿಟ್ಟರು. ಸಾರ್ ಅದನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಸುರಿಯುತ್ತಲೇ ಇದ್ದರು. ಊದಿ ಆರಿಸಲು ಬಾಯಲ್ಲಿ ಗಾಳಿ ಇಲ್ಲ ಎಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಮಾತಿಗೆ ಸ್ಲೇಟು ಹಿಡಿದಿದ್ದರು. ಆದರೆ ಬೈಗುಳವನ್ನು ಬರೆದು, ಎದುರಿನವರು ಓದಿ ಮುಗಿಸುವಷ್ಟರಲ್ಲಿ ಅದು ಆರಿಹೋಗಿರುತ್ತದೆ. ತಮಾಷೆಯಂತೂ ಸತ್ತೇಹೋಗಿರುತ್ತದೆ. ಅಮ್ಮಾವ್ರಿಗೆ ಓದು ನಿಧಾನ. ಅವರು ಒಂದೊಂದೇ ಅಕ್ಷರ ಕೂಡಿಸುವುದನ್ನು ನೋಡುತ್ತಾ ಸಾರ್ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಎಷ್ಟೋ ಸಲ ಅವರು ಓದಿ ಮುಗಿಸುವ ಮೊದಲೇ ಒರೆಸಿಬಿಡುತ್ತಿದ್ದರು.

ಆಸ್ಪತ್ರೆಯವರು ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಸಾಧನವೊಂದನ್ನು ಕೊಟ್ಟಿದ್ದರು. ಸಾರ್ ಅದನ್ನು ಒಂದು ದಿನ ಹಿಡಿದು ಪೆಟ್ಟಿಗೆಗೆ ಹಾಕಿದರು. ನಾನು ಮೊಬೈಲಿನಲ್ಲಿ ಬರೆದದ್ದನ್ನು ಓದುವ ದನಿ ಕೇಳಿಸಿದೆ. ಅದು ಹೆಣ್ಣಿನ ದನಿ. ಸ್ಲೇಟಿನ ಮೇಲೆ ಬರೆದರು: “ಯಾರಿವಳು, ಬ್ಯಾಂಕಿನೋಳಾ?” ಅವರ ಬಳಿ ಹಳೆಯ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ವಿಂಡೋಸ್ ತೆವಳುತ್ತಿತ್ತೆಂದು ನಾನೇ ಹಿಂದೊಮ್ಮೆ ಅದನ್ನು ತೆಗೆದು, ಯಂತ್ರ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಾಕಿಕೊಟ್ಟಿದ್ದೆ. ಲಿನಕ್ಸಿನಲ್ಲೇ ಇದ್ದ ಕನ್ನಡದ ದನಿ ಕೇಳಿಸಿದೆ. ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿತ್ತು. ಸಾರ್ ಕಿವಿ ಮುಚ್ಚಿಕೊಂಡರು.

ಆಮೇಲೆ ನಮ್ಮ ಕಾಲೇಜಿನ ಬೀರುವಿನಲ್ಲಿ ಒಂದು ಸಿ.ಡಿ. ಸಿಕ್ಕಿತು. ಹಾಸನದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಇನ್‌ಸ್ಟ್ರಕ್ಟರ್. ಕಣ್ಣು ಕಾಣದವರಿಗೆಂದು ಯಾರೋ ಬಹಳ ಹಿಂದೆ ಮಾಡಿ ಹಂಚಿದ್ದ, ಕನ್ನಡ ಓದಿ ಹೇಳುವ ಪ್ರೋಗ್ರಾಂ ಅದು. ಗಂಡು ದನಿ, ಸ್ವಲ್ಪ ವಯಸ್ಸಾದದ್ದು, ಹಳೆಯ ಕಾಲದ ರೇಡಿಯೋ ವಾರ್ತೆಯಂಥದ್ದು. ಫೋನಿನಲ್ಲಿ ಕೇಳಿಸಿದಾಗ ಸಾರ್ ಒಂದು ಚಪ್ಪಾಳೆ ತಟ್ಟಿದರು. ಅವರಿಗೆ ಒಪ್ಪಿಗೆ ಎಂದರ್ಥ. ಆದರೆ ಅದು ಓಡುವುದು ಹಳೆಯ ವಿಂಡೋಸಿನಲ್ಲಿ ಮಾತ್ರ. ಮಾಡಿದವರು ಈಗ ಎಲ್ಲಿದ್ದಾರೋ, ಯಾರಿಗೂ ಗೊತ್ತಿಲ್ಲ.

ವಿಂಡೋಸಿಗೆಂದು ಮಾಡಿದ್ದನ್ನು ಲಿನಕ್ಸಿನಲ್ಲಿ ಓಡಿಸಲು ವೈನ್ ಎಂಬ ಒಂದು ವ್ಯವಸ್ಥೆ ಇದೆ. ನಾಲ್ಕು ಭಾನುವಾರ ಅರಕಲಗೂಡಿಗೆ ಬಸ್ಸಿನಲ್ಲಿ ಓಡಾಡಿದೆ. ಒಂದು ವಾರ ಪ್ರೋಗ್ರಾಂ ತೆರೆಯಿತು, ಅಕ್ಷರ ಕಾಣಲಿಲ್ಲ. ಇನ್ನೊಂದು ವಾರ ಅಕ್ಷರ ಕಂಡವು, ದನಿ ಬರಲಿಲ್ಲ. ಸಾರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು. ಇದರ ಹೆಸರೇನು ಎಂದು ಸ್ಲೇಟಿನಲ್ಲಿ ಕೇಳಿದರು. ಹೇಳಿದೆ. ಭುಜ ಕುಲುಕಿದವು, ಈಗ ಅವರ ನಗು ಅಷ್ಟೇ. “ನಮ್ಮೆಡ್ತಿಗೆ ಹೇಳ್ಬೇಡ. ಒಳೀಕ್ ಬುಡಲ್ಲ,” ಎಂದು ಬರೆದರು.

ಇದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದೆ. ಆ ಪ್ರೋಗ್ರಾಂಗೆ ವಿಂಡೋಸಿನ ಮಾತು ಮಾತ್ರ ಬರುತ್ತದೆ, ಈ ಯಂತ್ರಕ್ಕೆ ಲಿನಕ್ಸಿನ ಮಾತು ಮಾತ್ರ. ವೈನ್ ನಡುವೆ ನಿಂತು, ಅದು ಕೇಳಿದ ಒಂದೊಂದನ್ನೂ ಇದಕ್ಕೆ ತಿಳಿಯುವಂತೆ ಕೇಳಿ, ಸಿಕ್ಕಿದ್ದನ್ನು ತಂದುಕೊಡುತ್ತದೆ. ಸಾರ್ ಸ್ಲೇಟಿನಲ್ಲಿ ಬರೆದರು: “ತಾಲ್ಲೂಕಾಫೀಸಲ್ಲಿ ನಿಮ್ಮಪ್ಪನ ಪರವಾಗಿ ನೀನು ನಿಂತ್ಕಂತಿದ್ದಲ್ಲ, ಹಂಗೆ.” ಲ್ಯಾಬಿನಲ್ಲಿ ಇಷ್ಟು ವರ್ಷ ಪಾಠ ಹೇಳಿದ್ದೇನೆ; ಇದಕ್ಕಿಂತ ಚೆನ್ನಾಗಿ ನಾನು ಯಾರಿಗೂ ಹೇಳಿಲ್ಲ.

ನಾಲ್ಕನೆಯ ಭಾನುವಾರ ಮಧ್ಯಾಹ್ನ ದನಿ ಬಂತು. ಸಾರ್ ಒಂದೇ ಬೆರಳಲ್ಲಿ ಟೈಪ್ ಮಾಡಿ ಗುಂಡಿ ಒತ್ತಿದರು. ಆ ವಾರ್ತೆಯ ದನಿ ಬಹಳ ಗಂಭೀರವಾಗಿ ಅಡುಗೆಮನೆಯ ಕಡೆಗೆ ಹೇಳಿತು: “ಸಾರಿಗೆ ಉಪ್ಪು ಕಮ್ಮಿ ಐತೆ ಕಣಮ್ಮಿ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಅಮ್ಮಾವ್ರು ಬಾಗಿಲಿಗೆ ಬಂದು ನಿಂತರು. “ಇಷ್ಟ್ ದಿನದ್ ಮ್ಯಾಕೆ ಬಾಯ್ ಬಂದ್ರೂ ಅದೇ ಮಾತಾ ನಿಮ್ದು?” ಎಂದು ಸೆರಗಲ್ಲಿ ಮುಖ ಒರೆಸಿಕೊಂಡರು.

ಅದಾದ ಮೇಲೆ ಆ ಮನೆಗೆ ಮಾತು ವಾಪಸು ಬಂತು. ಹಾಲಿನವನಿಗೆ, ಕರೆಂಟಿನವನಿಗೆ ಬೈಗುಳಗಳನ್ನು ಮೊದಲೇ ಬರೆದಿಟ್ಟುಕೊಂಡಿರುತ್ತಿದ್ದರು. “ಓಗ್ಲಾ ಕತ್ತೆ” ಎಂಬುದನ್ನು ವಾರ್ತೆ ಓದುವವನ ಬಾಯಲ್ಲಿ ಕೇಳಬೇಕು. ಬೈಸಿಕೊಂಡವರೂ ನಗುತ್ತಿದ್ದರು. ಹೊರಡುವಾಗ ನಾನು ಪ್ರತಿ ಸಲ ಹೇಳುತ್ತಿದ್ದೆ, “ಸಾ, ಲಿನಕ್ಸಿನ ಹೊಸ ಆವೃತ್ತಿ ಬಂದಿದೆ ಅಂತ ಪರದೆ ಮೇಲೆ ಒಂದು ಕಿಟಕಿ ಬರ್ತದೆ. ಬೇಡ ಅಂತ ಒತ್ತಿ.” ಯಂತ್ರ ಉತ್ತರ ಕೊಡುತ್ತಿತ್ತು: “ನಡೀತಿರೋ ಗಾಡಿ ಕಡಾಣಿ ಕೀಳಲ್ಲ, ಓಗು.” ಕಡಾಣಿ ಎಂದರೆ ಗಾಡಿಯ ಚಕ್ರ ಕಳಚದಂತೆ ತಡೆಯುವ ಮೊಳೆ. ಅವರು ಕೀಳಲಿಲ್ಲ.

*

ನಮ್ಮ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡರು. ಮುಂದಾಳು ಗೊರೂರು. ಅವನನ್ನು ನಾವು ಇವತ್ತಿಗೂ ಊರಿನ ಹೆಸರಿನಿಂದಲೇ ಕರೆಯುವುದು. ಆಹ್ವಾನಿಸಲು ಹೋದಾಗ ಸಾರ್ ಮೊದಲು ಒಲ್ಲೆ ಎಂದು ತಲೆಯಾಡಿಸಿದರು. ಆಮೇಲೆ ಲ್ಯಾಪ್‌ಟಾಪ್ ಎಳೆದುಕೊಂಡರು. “ಬತ್ತೀನಿ. ಆದ್ರೆ ಸುಮ್ಕೆ ಶಾಲು ಹೊದ್ಕಂಡು ಕೂರಕ್ಕಲ್ಲ. ನಾನು ಮಾತಾಡ್ತೀನಿ,” ಎಂದಿತು ಯಂತ್ರ.

ಗೊರೂರು, “ಆಯ್ತು ಸಾ, ಎಷ್ಟೊತ್ತಾದ್ರೂ ಮಾತಾಡಿ,” ಎಂದ. ಬಾಗಿಲಾಚೆ ಬಂದು ನನ್ನ ಹೆಗಲು ಹಿಡಿದು, “ಲೇ ದಂಡಿಗನಹಳ್ಳಿ, ನಿನ್ ಮೇಲೈತೆ ಕಣ್ಲಾ,” ಎಂದ. ನನಗೆ ಎದೆ ಉಬ್ಬಿತು. ಇಡೀ ಬ್ಯಾಚಿನ ಮುಂದೆ ಸಾರ್ ಮಾತಾಡುತ್ತಾರೆ, ಮಾತಾಡಿಸಿದವನು ನಾನು.

ಸಾರ್ ಮೂರು ವಾರ ಆ ಭಾಷಣ ಟೈಪ್ ಮಾಡಿದರು. ನಾನು ಹತ್ತಿರ ಹೋದರೆ ಪರದೆಯ ಮೇಲೆ ಟವೆಲ್ ಹಾಕುತ್ತಿದ್ದರು. “ನೋಡಲ್ಲ ಅಂತ ಮಾತು ಕೊಡು,” ಎಂದು ಯಂತ್ರದಿಂದ ಹೇಳಿಸಿದರು. ಕೊಟ್ಟೆ. ಒಮ್ಮೆ ಜಗಲಿಯಲ್ಲಿ ಕೂತಿದ್ದಾಗ ಒಳಕೋಣೆಯಲ್ಲಿ ಅವರು ದನಿ ತಗ್ಗಿಸಿ ಅದನ್ನು ಓಡಿಸಿ ನೋಡುತ್ತಿದ್ದುದು ಕಿವಿಗೆ ಬಿತ್ತು. ಮಾತು ತಿಳಿಯಲಿಲ್ಲ. ಆದರೆ ದನಿ ಒಂದು ಚೂರು ಬರುತ್ತಿತ್ತು, ನಿಲ್ಲುತ್ತಿತ್ತು. ಮತ್ತೆ ಚೂರು, ಮತ್ತೆ ನಿಲುಗಡೆ. ಉದ್ದ ಭಾಷಣವನ್ನು ಹಳೆಯ ಪ್ರೋಗ್ರಾಂ ಎಳೆಯಲಾರದೆ ತಡವರಿಸುತ್ತಿದೆ ಎಂದುಕೊಂಡೆ.

“ಸಾ, ನಿಂತು ನಿಂತು ಹೋಗ್ತಾ ಇದೆ. ಸರಿ ಮಾಡ್ಲಾ?”

ಬಾಗಿಲಿಗೆ ಬಂದು ಸ್ಲೇಟು ಎತ್ತಿ ಹಿಡಿದರು: “ಬೇಡ. ಅದು ಹಂಗೇ ಇರ್ಲಿ.”

ಪಾಪ, ಅವರಿಗೇನು ಗೊತ್ತು, ಎಂದುಕೊಂಡೆ. ಹೌದು, ಇವೇ ಮಾತು. ನಾನು ಬಿ.ಎಸ್ಸಿ.

ಸಮಾರಂಭದ ಹಿಂದಿನ ದಿನ, ವೇದಿಕೆಯ ಪರದೆಗೆ ಹಳೆಯ ಫೋಟೋ ತುಂಬಿಸಿ ತರುತ್ತೇನೆಂದು ಲ್ಯಾಪ್‌ಟಾಪನ್ನು ಹಾಸನಕ್ಕೆ ತಂದೆ. ಲ್ಯಾಬಿನಲ್ಲಿ ಇಂಟರ್ನೆಟ್ ವೇಗ ಚೆನ್ನಾಗಿತ್ತು. ತೆರೆದ ಕೂಡಲೇ ಆ ಕಿಟಕಿ ಬಂತು: ಹೊಸ ಆವೃತ್ತಿ ಸಿದ್ಧವಿದೆ, ಹಾಕಲೇ? ಹಾಕಿದರೆ ಯಂತ್ರ ಚುರುಕಾಗುತ್ತದೆ, ತಡವರಿಕೆ ಹೋಗುತ್ತದೆ, ನಾಳೆ ಸಾರ್ ದನಿ ನೀರು ಹರಿದಂತೆ ಹರಿಯುತ್ತದೆ. ಬೇಡ ಎಂದು ಒತ್ತಿ ಅಂತ ಪ್ರತಿ ಸಲ ಹೇಳುತ್ತಿದ್ದ ನಾನೇ ಹೌದು ಎಂದು ಒತ್ತಿದೆ.

ಎರಡು ಗಂಟೆಯಲ್ಲಿ ಮುಗಿಯಿತು. ಫೋಟೋ ಓಡಿಸಿ ನೋಡಿದೆ. ಹಾಡು ಹಾಕಿ ಸ್ಪೀಕರ್ ನೋಡಿದೆ. ಎಲ್ಲ ಸರಿ ಇತ್ತು. ಸಾರ್ ದನಿಯ ಪ್ರೋಗ್ರಾಂ ಒಂದನ್ನು ಮಾತ್ರ ತೆರೆಯಲಿಲ್ಲ. ತೆರೆದರೆ ಅದು ಕೊನೆಯಲ್ಲಿ ಬರೆದ ಕಡತವನ್ನೇ ತೋರಿಸುತ್ತದೆ. ಭಾಷಣ ಕಣ್ಣಿಗೆ ಬೀಳುತ್ತದೆ. ನೋಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಬೇಡವೆಂದು ಅವರು ಹೇಳಿದ್ದನ್ನು ಮೀರಿದ್ದೆ. ಈ ಮಾತನ್ನು ಮಾತ್ರ ಬಹಳ ಗೌರವದಿಂದ ಉಳಿಸಿಕೊಂಡೆ.

ಹೊಳೆನರಸೀಪುರದ ಕಲ್ಯಾಣ ಮಂಟಪಕ್ಕೆ ಸಾರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರು. ಸ್ಲೇಟು ತಂದಿರಲಿಲ್ಲ. ಅಮ್ಮಾವ್ರು, “ಇವತ್ತು ಬ್ಯಾಡ ಅಂದ್ಬುಟ್ರು ಕಣಪ್ಪ,” ಎಂದರು. ಫೋಟೋಗಳು ಓಡಿದವು, ಜನ ಶಿಳ್ಳೆ ಹಾಕಿದರು. ಗೊರೂರು ಮೈಕಿನಲ್ಲಿ, “ಈಗ ನಮ್ ಸಾರ್ ಮಾತಾಡ್ತಾರೆ,” ಎಂದ. ಸಾರ್ ಮುಂದೆ ಬಾಗಿ ಒಂದು ಬೆರಳಲ್ಲಿ ಗುಂಡಿ ಒತ್ತಿದರು.

ಏನೂ ಇಲ್ಲ. ದೊಡ್ಡ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು: ಈ ಪ್ರೋಗ್ರಾಂ ಶುರುವಾಗುವುದಿಲ್ಲ.

ನಾನು ಓಡಿಹೋಗಿ ಒತ್ತಿದೆ. ಮುಚ್ಚಿ, ತೆರೆದು, ಮತ್ತೆ ಒತ್ತಿದೆ. ಆ ಹಳೆಯ ಪ್ರೋಗ್ರಾಂ ಓಡಲು ಬೇಕಾಗಿದ್ದ ಹಳೆಯ ಕಡತಗಳನ್ನೆಲ್ಲ ಹೊಸ ಆವೃತ್ತಿ ಕಸವೆಂದು ಗುಡಿಸಿಹಾಕಿತ್ತು. ನನಗೆ ಅಲ್ಲೇ ಅರ್ಥವಾಯಿತು. “ಭಾಷಣ ತೆಗ್ದು ಕೊಡು ಕಣ್ಲಾ, ನಾನೇ ಓದ್ತೀನಿ,” ಎಂದ ಗೊರೂರು ಕಿವಿಯಲ್ಲಿ. ಕಡತ ಹುಡುಕಿ ತೆರೆದೆ. ಆ ಪ್ರೋಗ್ರಾಂ ಬಿಟ್ಟು ಬೇರೆಯದರಲ್ಲಿ ತೆರೆದರೆ ಬರೀ ಚಿತ್ತು, ಒಂದಕ್ಷರ ಕನ್ನಡವಿಲ್ಲ.

“ಏನಾಯ್ತ್ಲಾ?”

“ಹಳೇ ಮಿಷಿನ್ನು. ಕೈ ಕೊಡ್ತು,” ಎಂದೆ.

ಸಾರ್ ಪಕ್ಕದಲ್ಲೇ ಇದ್ದರು. ಕೇಳಿಸಿಕೊಂಡರು. ಪರದೆಯ ಬಣ್ಣ ಬದಲಾಗಿತ್ತು, ಚಿತ್ರ ಬದಲಾಗಿತ್ತು. ಅದನ್ನು ದಿನಾ ನೋಡುತ್ತಿದ್ದವರು ಅವರು. ನನ್ನ ಮುಖ ನೋಡಿದರು. ಆಗಲಾದರೂ “ನಾನೇ ಕೆಡಿಸಿದೆ ಸಾ, ನಂಗೊತ್ತಾಗಲಿಲ್ಲ” ಎನ್ನಬಹುದಿತ್ತು.

ಸಭೆಯಿಂದ ಯಾರೋ ಪ್ರೀತಿಯಿಂದಲೇ ಕೂಗಿದರು: “ಪರ್ವಾಗಿಲ್ಲ ಬುಡಿ ಸಾ! ನೀವ್ ಬಂದಿದ್ದೇ ಸಾಕು!”

ಸಾರ್ ಎದ್ದರು. ಮೈಕಿನ ಕಂಬ ಹಿಡಿದುಕೊಂಡರು. ಕೈ ಹಿಂದೆ ಕಟ್ಟಲು ನೋಡಿ, ಬಿಟ್ಟು, ಬಾಯಿ ತೆರೆದರು. ತುಟಿ ಆಡಿತು. ಮೈಕಿಗೆ ಸಿಕ್ಕಿದ್ದು ಕುತ್ತಿಗೆಯ ಬಟ್ಟೆ ಅದುರುವ ಸದ್ದು, ಅದರ ಹಿಂದಿನ ಗಾಳಿ. ಇಡೀ ಮಂಟಪಕ್ಕೆ ಆ ಗಾಳಿ ಕೇಳಿಸಿತು. ಏನು ಮಾಡಬೇಕೆಂದು ತಿಳಿಯದೆ ಜನ ಚಪ್ಪಾಳೆ ತಟ್ಟಿದರು. ಬಹಳ ಹೊತ್ತು ತಟ್ಟಿದರು. ಚಪ್ಪಾಳೆ ನಡೆಯುತ್ತಿರುವಾಗಲೇ ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು.

ಅರಕಲಗೂಡಿಗೆ ಗೊರೂರಿನವನ ಕಾರಿನಲ್ಲೇ ಹೋದೆವು. ಮನೆ ಹತ್ತಿರ ಬಂದಾಗ ಸಾರ್ ನನ್ನ ಜೇಬಿನ ಪೆನ್ನು ತೆಗೆದುಕೊಂಡು, ಆಮಂತ್ರಣ ಪತ್ರಿಕೆಯ ಹಿಂದೆ ಬರೆದು ಕೊಟ್ಟರು: “ಊಟ ಮಾಡ್ದಾ?”

ಒಂದು ಬೈಗುಳ ಬರೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

*

ಎರಡು ವಾರದಲ್ಲಿ ಹಳೆಯ ಆವೃತ್ತಿಯನ್ನೇ ಮತ್ತೆ ಹಾಕಿ, ಎಲ್ಲ ಮೊದಲಿನಂತೆ ಮಾಡಿ ಒಯ್ದೆ. ಭಾಷಣದ ಕಡತಕ್ಕೆ ಏನೂ ಆಗಿರಲಿಲ್ಲ; ಕೊಟ್ಟ ಮಾತಿಗಾಗಿ ಆಗಲೂ ಅದನ್ನು ಓದದೆ ಬಿಟ್ಟೆ. “ಸಾ, ಈಗ ಮಾತಾಡ್ತದೆ,” ಎಂದೆ. ತಲೆಯಾಡಿಸಿದರು. ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟರು. ಸ್ಲೇಟು ತೊಡೆಯ ಮೇಲೇ ಇತ್ತು.

ಆಮೇಲೆ ಎಂಟು ತಿಂಗಳು ಇದ್ದರು. ನಾನು ಹೋದಾಗಲೆಲ್ಲ ಗೂಡು ನೋಡುತ್ತಿದ್ದೆ. ಬಟ್ಟೆಯ ಗಂಟು ಹಾಗೇ ಇರುತ್ತಿತ್ತು. ನಿಜ ಹೇಳಬೇಕೆಂದು ಪ್ರತಿ ಸಲ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗುತ್ತಿದ್ದೆ. ಕಾಫಿ ಕುಡಿದು ವಾಪಸು ಬರುತ್ತಿದ್ದೆ. ಈಗ ಇಲ್ಲಿ ಬರೆಯುತ್ತಿದ್ದೇನೆ, ಕೇಳಿಸಿಕೊಳ್ಳಬೇಕಾದವರು ಇಲ್ಲ.

ತಿಥಿಯ ದಿನ ಅಮ್ಮಾವ್ರು ಆ ಗಂಟನ್ನು ನನ್ನ ಕೈಗಿಟ್ಟರು. “ಇದು ಮಾತಾಡ್ತಿದ್ದಷ್ಟ್ ದಿನ ಮನೇಲಿ ಇಬ್ರಿದ್ದೀವಿ ಅನ್ನುಸ್ತಿತ್ತು ಕಣಪ್ಪ. ನೀನೇ ಮಡೀಕೋ.” ಅವರಿಗೂ ನಾನು ಹೇಳಲಿಲ್ಲ.

ಅದನ್ನು ಲ್ಯಾಬಿಗೆ ತಂದು, ಒಂದು ಭಾನುವಾರ ಯಾರೂ ಇಲ್ಲದಾಗ ತೆರೆದೆ. ಪ್ರೋಗ್ರಾಂ ಕೊನೆಯ ಕಡತವನ್ನೇ ತೋರಿಸಿತು. ಅದು ಭಾಷಣವಾಗಿರಲಿಲ್ಲ. ಸಾಲಿಗೊಂದು ಊರು, ಒಂದೊಂದು ಊರಿನ ಮುಂದೂ ಉದ್ದಕ್ಕೆ ಚುಕ್ಕಿಗಳು. ಚುಕ್ಕಿ ಕಂಡಲ್ಲಿ ಆ ಪ್ರೋಗ್ರಾಂ ನಿಲ್ಲುತ್ತದೆ. ಎಷ್ಟು ಚುಕ್ಕಿಗೆ ಎಷ್ಟು ಹೊತ್ತು ನಿಲ್ಲುತ್ತದೆಂದು ಮೂರು ವಾರ ಓಡಿಸಿ ಓಡಿಸಿ ನೋಡಿದ್ದರು. ನಾನು ಸರಿಮಾಡಲು ಹೊರಟ ತಡವರಿಕೆ ಅದೇ.

ಗುಂಡಿ ಒತ್ತಿದೆ.

“ಎಲ್ರೂ ಕೂತ್ಕಳ್ರಿ. ಹಾಜರಿ ಕೂಗ್ತೀನಿ,” ಎಂದಿತು ದನಿ. “ಹಳೇಕೋಟೆ.” ನಿಂತಿತು. ಒಬ್ಬ ಮನುಷ್ಯ ಎದ್ದು ನಿಂತು ‘ಹಾಜರ್ ಸಾ’ ಎನ್ನಲು ಬೇಕಾಗುವಷ್ಟು ಹೊತ್ತು. “ಗೊರೂರು.” ಮತ್ತೆ ಅಷ್ಟು ಹೊತ್ತು. “ಜಿನನಾಥಪುರ.” ಖಾಲಿ ಕುರ್ಚಿಗಳ ಲ್ಯಾಬಿನಲ್ಲಿ ವಾರ್ತೆಯವನು ಒಂದೊಂದೇ ಊರನ್ನು ಕರೆದು, ಕಾದು, ಮುಂದೆ ಹೋಗುತ್ತಿದ್ದ.

“ದಂಡಿಗನಹಳ್ಳಿ.”

ನಾನು ಎದ್ದು ನಿಂತೆ. ಚುಕ್ಕಿಗಳು ಮುಗಿದವು.

“ದಂಡಿಗನಹಳ್ಳಿ.”

ನನ್ನದೊಂದನ್ನು ಮಾತ್ರ ಎರಡು ಸಲ ಬರೆದಿದ್ದರು. ಬಾಯಿ ತೆರೆದೆ. ಬಂದದ್ದು ಅವತ್ತು ಮೈಕಿನಲ್ಲಿ ಕೇಳಿಸಿದಂಥ ಗಾಳಿ, ಅಷ್ಟೇ. ದನಿ ಮುಂದಿನ ಊರಿಗೆ ಹೋಯಿತು.